ಪೀಠದ ಕೆಳಗಿನ ಮೇಜುಗಳು

ಪತ್ರ: ಜಮೀನಿನ ಗಡಿ ತಗಾದೆಗೆ ನಮ್ಮ ತಾಲ್ಲೂಕು ನ್ಯಾಯಾಲಯದಲ್ಲಿ ದಾವೆ ಹೂಡಿದ್ದೇನೆ. ಹೋದಾಗಲೆಲ್ಲ ‘ಸಮನ್ಸ್ ಜಾರಿಯಾಗಿಲ್ಲ’ ಎಂದು ಹೇಳಿ ಮುಂದಿನ ವಾಯಿದೆ ಕೊಡುತ್ತಾರೆ. ನ್ಯಾಯಾಧೀಶರು ನೋಡಿದರೆ ನಮ್ಮ ಕೇಸು ಬಿಟ್ಟು ಕಳ್ಳತನ, ಹೊಡೆದಾಟ ವಿಚಾರಿಸುತ್ತಿರುತ್ತಾರೆ. ಅಲ್ಲಿ ಯಾರು ಯಾರ ಕೈಕೆಳಗೆ, ಯಾರನ್ನು ಕೇಳಬೇಕು ಎಂಬುದೇ ತಿಳಿಯುವುದಿಲ್ಲ.
– ಓದುಗರೊಬ್ಬರು, ತುಮಕೂರು ಜಿಲ್ಲೆ

ಸಂಪಾದಕರ ಉತ್ತರ:

ನಿಮ್ಮ ಸಿಟ್ಟು ಸರಿಯಾದದ್ದೇ, ಆದರೆ ಗುರಿ ಸ್ವಲ್ಪ ಮೇಲಕ್ಕೆ ಹೋಗಿದೆ. ಸಮನ್ಸ್, ಅಂದರೆ ಪ್ರತಿವಾದಿಗೆ ಕೋರ್ಟು ಕಳಿಸುವ ಕರೆ, ಜಾರಿಯಾಗದೆ ನಿಂತ ದಾವೆಗೆ ಪೀಠದ ಮೇಲೆ ಕುಳಿತವರು ಮಾಡಬಹುದಾದದ್ದು ಕಡಿಮೆ. ಕೆಲಸ ಇರುವುದು ಪೀಠದ ಕೆಳಗಿನ ಮೇಜುಗಳಲ್ಲಿ, ಒಂದಿಷ್ಟು ನಿಮ್ಮ ಕೈಯಲ್ಲಿಯೂ.

ಮೊದಲು ನ್ಯಾಯಾಧೀಶರ ವಿಷಯ ಮುಗಿಸೋಣ. ಬಾಗಿಲಿನ ಫಲಕದಲ್ಲಿ ‘ಸಿವಿಲ್ ನ್ಯಾಯಾಧೀಶರು ಮತ್ತು ಜೆ.ಎಂ.ಎಫ್.ಸಿ.’ ಎಂದಿರುತ್ತದೆ. ಹಳಬರು ಮುನ್ಸೀಫ್ ಕೋರ್ಟು ಎನ್ನುವುದು ಇದನ್ನೇ. ಒಬ್ಬರೇ ವ್ಯಕ್ತಿಗೆ ಎರಡು ಹುದ್ದೆ: ಗಡಿ, ಸಾಲ, ಪಾಲುಪಟ್ಟಿಗೆ ಸಿವಿಲ್ ನ್ಯಾಯಾಧೀಶರು; ಅಪರಾಧ ಪ್ರಕರಣಗಳಿಗೆ ಮೂರು ವರ್ಷದವರೆಗೆ ಸಜೆ ವಿಧಿಸಬಲ್ಲ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರು, ಅಂದರೆ ಜೆ.ಎಂ.ಎಫ್.ಸಿ. ಪೊಲೀಸರು ಬಂಧಿಸಿದವರನ್ನು 24 ಗಂಟೆಯೊಳಗೆ ಇವರ ಮುಂದೆ ತಂದು ನಿಲ್ಲಿಸಲೇಬೇಕು. ನಿಮ್ಮ ಗಡಿ ಕಲ್ಲು ನಾಳೆಗೂ ಅಲ್ಲೇ ಇರುತ್ತದೆ, ಬಂಧಿತನ ವಿಷಯ ಹಾಗಲ್ಲ. ನಿಮ್ಮ ಕೇಸು ಹಿಂದೆ ಸರಿಯುವುದು ಹೀಗೆ. ಅಪರಾಧ ಪ್ರಕರಣಗಳಲ್ಲಿ ಎದ್ದು ವಾದಿಸುವ ಸಹಾಯಕ ಸರ್ಕಾರಿ ಅಭಿಯೋಜಕರು ಕೋರ್ಟಿನ ಸಿಬ್ಬಂದಿಯಲ್ಲ, ಅವರದು ಬೇರೆಯೇ ಇಲಾಖೆ. ವಾರಂಟು ಹಿಡಿದು ಓಡಾಡುವ ಪೇದೆ ಠಾಣೆಯವರು.

ಕೋರ್ಟಿನದೇ ಸಿಬ್ಬಂದಿಯಲ್ಲಿ ಹಿರಿಯರು ಶಿರಸ್ತೇದಾರರು. ವಾದಪತ್ರ ಬಂದಾಗ ನ್ಯಾಯಾಲಯ ಶುಲ್ಕ ಸರಿಯಿದೆಯೇ, ಅವಧಿ ಮೀರಿದೆಯೇ, ಈ ಕೋರ್ಟಿನ ವ್ಯಾಪ್ತಿಗೆ ಬರುತ್ತದೆಯೇ ಎಂದು ಪರಿಶೀಲಿಸಿ ಆಕ್ಷೇಪಣೆ ಬರೆಯುವುದು ಇವರ ಕಡೆಯಿಂದ. ಪೀಠದ ಎದುರಿಗೇ ಕುಳಿತು ಕಡತ ಎತ್ತಿಕೊಡುವವರು ಬೆಂಚ್ ಕ್ಲರ್ಕ್. ಶೀಘ್ರಲಿಪಿಗಾರರು, ಬೆರಳಚ್ಚುಗಾರರು, ಪ್ರಥಮ ಮತ್ತು ದ್ವಿತೀಯ ದರ್ಜೆ ಸಹಾಯಕರು, ಹೆಸರು ಕೂಗುವ ಜವಾನರು ಉಳಿದವರು. ಹುದ್ದೆ ಖಾಲಿ ಇದ್ದರೆ ಒಬ್ಬರೇ ಎರಡು ಮೇಜಿನ ಕೆಲಸ ಹೊರುತ್ತಾರೆ, ಆಗ ನಕಲು ಪ್ರತಿ ಕೋರಿ ಹಾಕಿದ ಅರ್ಜಿಯೂ ಕಾಯುತ್ತದೆ.

ಇನ್ನು ನಿಮಗೆ ಬೇಕಾದವರು: ಆದೇಶ ಜಾರಿಕಾರರು, ಹಳ್ಳಿಯ ಬಾಯಲ್ಲಿ ಅಮೀನರು. ಇಡೀ ಕೋರ್ಟಿನಲ್ಲಿ ಬಿಸಿಲಿಗೆ ಬೀಳುವ ಕೆಲಸ ಇವರದು. ಸಮನ್ಸು ಹಿಡಿದು ಊರಿಗೆ ಹೋಗಿ, ಪ್ರತಿವಾದಿ ಸಿಕ್ಕರೆ ಪ್ರತಿ ಕೊಟ್ಟು ಸಹಿ ಪಡೆಯುತ್ತಾರೆ. ಪ್ರತಿವಾದಿ ಮನೆಯಲ್ಲಿಲ್ಲದೆ, ಸದ್ಯಕ್ಕೆ ಬರುವಂತೆಯೂ ಇಲ್ಲದಿದ್ದರೆ ಮನೆಯ ವಯಸ್ಕರೊಬ್ಬರಿಗೆ ಕೊಡಬಹುದು, ಅದು ಹೆಂಗಸರಾದರೂ ಸರಿಯೇ. ತೆಗೆದುಕೊಳ್ಳಲು ಒಪ್ಪದಿದ್ದರೆ ಬಾಗಿಲಿಗೆ ಅಂಟಿಸಿ, ಎಷ್ಟು ಹೊತ್ತಿಗೆ, ಹೇಗೆ, ಮನೆ ಗುರುತಿಸಿಕೊಟ್ಟವರು ಯಾರು ಎಂದು ಸಮನ್ಸಿನ ಮೇಲೆ ಷರಾ ಬರೆಯಬೇಕು. ಆ ನಾಲ್ಕು ಸಾಲಿನ ಷರಾವನ್ನು ನೋಡಿಯೇ ನ್ಯಾಯಾಧೀಶರು ‘ಜಾರಿಯಾಗಿದೆ’ ಅಥವಾ ‘ಇಲ್ಲ’ ಎಂದು ತೀರ್ಮಾನಿಸುವುದು. ‘ಮನೆಗೆ ಬೀಗ’, ‘ವಿಳಾಸ ಪತ್ತೆಯಾಗಲಿಲ್ಲ’ ಎಂದು ಬರೆದು ವಾಪಸು ಬಂದರೆ ಮತ್ತೆ ಮೊದಲಿನಿಂದ.

ನಿಮ್ಮ ಪಾಲಿನ ಕೆಲಸ ಇಲ್ಲಿದೆ. ಸಮನ್ಸು ಜಾರಿಯಾಗದೆ ಮರಳಿದರೆ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. ಸುಮ್ಮನಿದ್ದರೆ ದಾವೆಯೇ ವಜಾ ಆಗಬಹುದು. ಪ್ರತಿವಾದಿ ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಮನವರಿಕೆ ಮಾಡಿಕೊಟ್ಟರೆ ಪತ್ರಿಕಾ ಪ್ರಕಟಣೆಯ ಮೂಲಕವೂ ಜಾರಿ ಮಾಡಿಸಲು ನ್ಯಾಯಾಲಯ ಅಪ್ಪಣೆ ಕೊಡುತ್ತದೆ. ಪೆಟ್ರೋಲಿಗೆಂದು ಜೇಬಿನಿಂದ ಏನಾದರೂ ಕೊಡಿ ಎಂದು ಕೋರ್ಟಿನ ಹೊರಗೆ ಬುದ್ಧಿ ಹೇಳುವವರು ಇರುತ್ತಾರೆ. ಕೊಡಬೇಡಿ. ಬದಲಿಗೆ ಮನೆ ತೋರಿಸಲು ಜೊತೆಗೆ ಒಬ್ಬರು ಬರುತ್ತೇವೆ ಎನ್ನಿ, ಹೆಚ್ಚು ಉಪಯೋಗ.

ಯಾರನ್ನು ಕೇಳಬೇಕು ಎಂದಿರಿ. ಮೊದಲು ನಿಮ್ಮ ವಕೀಲರನ್ನು: ಪ್ರತಿ ವಾಯಿದೆಯ ಆದೇಶ ಹಾಳೆಯಲ್ಲಿ ಏನು ಬರೆದಿದೆ, ಶುಲ್ಕ ಕಟ್ಟಿದೆಯೇ ಎಂದು. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಿಮ್ಮ ಕೇಸಿಗೆ ಕೊಟ್ಟಿರುವ 16 ಅಕ್ಷರ-ಅಂಕೆಗಳ ಗುರುತು, ಸಿಎನ್‌ಆರ್ ಸಂಖ್ಯೆ ಹಾಕಿ ನೀವೇ ನೋಡಬಹುದು. ಆಮೇಲೆ ಶಿರಸ್ತೇದಾರರನ್ನು ಕೇಳಿ. ಸಿಬ್ಬಂದಿಯಿಂದ ತೊಂದರೆಯಾದರೆ ಜಿಲ್ಲಾ ಪ್ರಧಾನ ನ್ಯಾಯಾಧೀಶರಿಗೆ ಬರೆಯಿರಿ. ಜಿಲ್ಲೆಯ ಕೋರ್ಟುಗಳ ಆಡಳಿತ ಅವರದು. ನ್ಯಾಯಾಧೀಶರ ವರ್ಗಾವಣೆ, ಶಿಸ್ತು ಹೈಕೋರ್ಟಿನ ಕೈಯಲ್ಲಿದೆ, ಸಂಬಳ ಮಾತ್ರ ರಾಜ್ಯ ಸರ್ಕಾರದ ಖಜಾನೆಯಿಂದ. ಹಾಗಾಗಿ ಶಾಸಕರ ಮನೆಗೆ, ತಹಶೀಲ್ದಾರರ ಕಚೇರಿಗೆ ಅಲೆಯುವುದು ವ್ಯರ್ಥ. ನ್ಯಾಯಾಧೀಶರ ಕೊಠಡಿಗೆ ಹೋಗಿ ಕೇಸಿನ ಬಗ್ಗೆ ಮಾತಾಡುವುದಂತೂ ಕೂಡದು.

ವಕೀಲರ ಖರ್ಚು ಭಾರವೆನಿಸಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಸಾಮಾನ್ಯವಾಗಿ ಅದೇ ಆವರಣದಲ್ಲಿರುತ್ತದೆ. ದಾವೆ ನಿಮ್ಮ ಮನೆಯ ಹೆಂಗಸರ ಹೆಸರಿನಲ್ಲಿದ್ದರೆ ಅವರ ಆದಾಯ ಎಷ್ಟೆಂದೂ ಕೇಳುವುದಿಲ್ಲ, ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲ.