ಸೋತವರ ಕಥೆ ಯಾಕೆ ಓದಬೇಕು?

ಪತ್ರ: ‘ಶ್ರೇಷ್ಠ ಕಾದಂಬರಿ ಎಂದು ನೀವು ಹೊಗಳುವ ಪುಸ್ತಕಗಳಲ್ಲೆಲ್ಲ ನಾಯಕ ಸೋಲುತ್ತಾನೆ, ಇಲ್ಲವೇ ಸಾಯುತ್ತಾನೆ. ನನ್ನ ಮಗ ಪಿಯುಸಿ ಓದುತ್ತಿದ್ದಾನೆ. ಗೆದ್ದವರ ಕಥೆ ಕೊಟ್ಟರೆ ಅವನಿಗೆ ಧೈರ್ಯ ಬರುತ್ತದೆ. ಸೋತವರಿಂದ ಏನು ಕಲಿಯಬೇಕು?’ – ಓದುಗರೊಬ್ಬರು, ಹಾಸನ

ಸಂಪಾದಕರ ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ. ಗೆದ್ದವರ ಕಥೆಯೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನೀವು ಕೊನೇ ಪುಟ ನೋಡಿ ತೀರ್ಪು ಕೊಟ್ಟಿದ್ದೀರಿ. ಸೋತವನ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿದಿರಾ?

ಕೆನ್ ಕೀಸಿ 1962ರಲ್ಲಿ ಬರೆದ ‘ಒನ್ ಫ್ಲೂ ಓವರ್ ದ ಕುಕೂಸ್ ನೆಸ್ಟ್’ ತೆಗೆದುಕೊಳ್ಳಿ. ಮಾನಸಿಕ ಆಸ್ಪತ್ರೆಯ ವಾರ್ಡು. ಅಲ್ಲಿನ ಭಾರಿ ಕಂಟ್ರೋಲ್ ಪ್ಯಾನೆಲ್ಲನ್ನು ಎತ್ತುತ್ತೇನೆಂದು ಹೊಸದಾಗಿ ಬಂದ ರೋಗಿ ಮೆಕ್‌ಮರ್ಫಿ ಬಾಜಿ ಕಟ್ಟುತ್ತಾನೆ. ಆಗದ ಕೆಲಸ ಅಂತ ಎಲ್ಲರಿಗೂ ಗೊತ್ತು. ನರ ಉಬ್ಬುತ್ತವೆ, ಮೈ ನಡುಗುತ್ತದೆ. ಎದ್ದೇಬಿಟ್ಟಿತೇನೋ ಅನ್ನಿಸುತ್ತದೆ. ಏಳುವುದಿಲ್ಲ. ಅದುವರೆಗೆ ಜೂಜಿನಲ್ಲಿ ಗೆದ್ದಿದ್ದ ಸಾಲದ ಚೀಟಿಗಳನ್ನೆಲ್ಲ ನೆಲಕ್ಕೆಸೆದು, ನಾನು ಪ್ರಯತ್ನವನ್ನಾದರೂ ಮಾಡಿದೆನಲ್ಲ ಎಂದು ಹೊರಡುತ್ತಾನೆ. ಕಿವುಡ, ಮೂಗನಂತೆ ನಟಿಸುತ್ತಿದ್ದ ಇನ್ನೊಬ್ಬ ರೋಗಿ ಬ್ರಾಮ್ಡನ್ ಇದನ್ನೆಲ್ಲ ನೋಡುತ್ತಾನೆ. ಕೊನೆಗೆ ಅದೇ ಪ್ಯಾನೆಲ್ ಎತ್ತಿ, ಕಿಟಕಿ ಒಡೆದು ಪಾರಾಗುವವನು ಅವನೇ! ಮೆಕ್‌ಮರ್ಫಿ ಸುಮ್ನೆ ಕೂತಿದ್ದರೆ ಇದು ಆಗುತ್ತಿತ್ತಾ?

ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಕಾದಂಬರಿಯ ಮುದುಕ ಮೀನುಗಾರ ಸಾಂಟಿಯಾಗೋನನ್ನೇ ನೋಡಿ. 84 ದಿನ ಒಂದು ಮೀನೂ ಇಲ್ಲ. ಆಮೇಲೆ ಸಿಕ್ಕ ದೊಡ್ಡ ಮೀನನ್ನು ಶಾರ್ಕ್‌ಗಳು ತಿಂದುಹಾಕಿದವು. ದಡ ಸೇರಿದ್ದು ಬರೀ ಎಲುಬು. ಅದನ್ನು ಕಂಡ ಮೇಲೇ, ಅಪ್ಪ ಅಮ್ಮನ ಮಾತಿಗೆ ಬೇರೆ ದೋಣಿ ಹತ್ತಿದ್ದ ಹುಡುಗ ಇನ್ನು ನಿನ್ನ ಜೊತೆಗೇ ಬರುತ್ತೇನೆ ಅನ್ನುತ್ತಾನೆ.

ನನಗೆ ಎಲ್ಲಕ್ಕಿಂತ ಪ್ರಿಯನಾದವನು ಸ್ಯಾಂಚೊ. ಸೆರ್ವಾಂಟಿಸ್ ಬರೆದ ‘ಡಾನ್ ಕ್ವಿಕ್ಸಾಟ್’ನ ಎರಡನೇ ಭಾಗ, 1615. ತಾನು ವೀರಯೋಧನೆಂದು ನಂಬಿ ಹೊರಟು ಸೋತ ಯಜಮಾನ ಕ್ವಿಕ್ಸಾಟ್ ಸಾಯಲು ಮಲಗಿದ್ದಾನೆ. ಆಳಲು ದ್ವೀಪ ಕೊಡುತ್ತೇನೆಂಬ ಅವನ ಮಾತಿನ ಆಸೆಗೆ ಹಿಂದೆ ಬಂದಿದ್ದ ರೈತ ಸ್ಯಾಂಚೊ ಅಳುತ್ತಾ ಬೇಡುತ್ತಾನೆ: ಏಳಿ, ಕುರುಬರ ವೇಷ ಹಾಕಿ ಬಯಲಿಗೆ ಹೋಗೋಣ. ಸೋತ ದುಃಖಕ್ಕೆ ಸಾಯುವುದಾದರೆ ತಪ್ಪು ನನ್ನ ಮೇಲೆ ಹಾಕಿ, ಕುದುರೆಯ ಪಟ್ಟಿ ನಾನೇ ಸರಿಯಾಗಿ ಬಿಗಿಯಲಿಲ್ಲ ಅನ್ನಿ. ಎಷ್ಟು ಸಲ ಓದಿದರೂ ಇಲ್ಲಿ ನನ್ನ ಗಂಟಲು ಕಟ್ಟುತ್ತದೆ.

‘ಚೋಮನ ದುಡಿ’ಯ ನಮ್ಮ ಚೋಮನಿಗೆ ಅಂಥ ಜೊತೆಗಾರನೂ ಇಲ್ಲ. ಎತ್ತು ಇದ್ದವು, ಉಳುವ ಆಸೆ ಇತ್ತು. ಜಾತಿ ಅಡ್ಡ ಬಂದು ಭೂಮಿ ಸಿಗಲಿಲ್ಲ. ಶಿವರಾಮ ಕಾರಂತರು 1933ರಲ್ಲಿ ಅವನನ್ನು ನೋಡುವ ಕೆಲಸವನ್ನು ಓದುವವರಿಗೇ ಬಿಟ್ಟರು. ಅವನು ಬಾರಿಸುವ ಆ ದುಡಿಯ ಸದ್ದು ಕೇಳಿದವರು ಅವನದು ವ್ಯರ್ಥ ಪ್ರಯತ್ನ ಅಂತ ಹೇಳಲಾರರು.

ಈಗ ನೋಡಿ, ಊರ ತುಂಬ ರ‍್ಯಾಂಕ್ ಬಂದವರ ಫ್ಲೆಕ್ಸು. ಎರಡನೇ ಸಲ ಪರೀಕ್ಷೆಗೆ ಕೂತ ಹುಡುಗಿಯ ಫೋಟೋ ಎಲ್ಲಾದರೂ ಕಂಡಿದ್ದೀರಾ? ನಮ್ಮ ಕಥಾಸ್ಪರ್ಧೆಯಲ್ಲೂ ಇದೇ ಪಾಡು. ಒಮ್ಮೆ ಬಹುಮಾನ ಬರಲಿಲ್ಲ ಅಂದರೆ ಎಷ್ಟೋ ಮಕ್ಕಳು ಮತ್ತೆ ಕಳಿಸುವುದೇ ಇಲ್ಲ. ಅವರಲ್ಲಿ ಒಳ್ಳೆಯ ಬರಹಗಾರರಿದ್ದರು. ಗೆಲ್ಲುವ ಗ್ಯಾರಂಟಿ ಇದ್ದರೆ ಮಾತ್ರ ಕೈ ಹಾಕು ಅಂತ ಅವರಿಗೆ ಕಲಿಸಿದವರು ನಾವೇ, ದೊಡ್ಡವರು. ಇದು ನನಗೆ ತುಂಬಾ ನೋವಿನ ವಿಷಯ.

ನೀವು ಮಗನ ಓದಿನ ಬಗ್ಗೆ ಇಷ್ಟು ಯೋಚಿಸುವ ತಂದೆ. ಅಂಥವರು ಜಾಸ್ತಿ ಇಲ್ಲ. ಅವನಿಗೆ ‘ಚೋಮನ ದುಡಿ’ ಕೊಡಿ, ಚಿಕ್ಕ ಪುಸ್ತಕ. ಓದಿದ ಮೇಲೆ ಅವನ ಅಭಿಪ್ರಾಯವನ್ನು ಅವನೇ ಬರೆದು ಕಳಿಸಲಿ. ನನ್ನ ಮಾತು ತಪ್ಪು ಅಂತ ಬರೆದರೂ ಈ ಪುಟದಲ್ಲೇ ಹಾಕುತ್ತೇನೆ.