ಎರಡನೆಯ ಪುಟದ ಮೂರು ವಾಕ್ಯಗಳು

ಪ್ರಿಯ ಲೇಖಕರೇ,

ಕಿಡ್ನಿ ಕಸಿಯ ಆರಂಭದ ದಿನಗಳನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಭಾಷೆ ತಿಳಿಯಾಗಿದೆ, ಇಸವಿಗಳೂ ಸರಿಯಾಗಿವೆ. ಆದರೆ ಎರಡನೆಯ ಪುಟದ ಮೂರು ವಾಕ್ಯಗಳು ನನ್ನನ್ನು ಕೆರಳಿಸಿದ್ದರಿಂದ ಉಳಿದುದನ್ನು ಬದಿಗಿಟ್ಟು ಅವುಗಳ ಬಗ್ಗೆಯೇ ಬರೆಯುತ್ತಿದ್ದೇನೆ.

‘1954ರಲ್ಲಿ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಕಸಿಯ ಸಮಸ್ಯೆಯನ್ನು ಗೆದ್ದರು’ ಎಂದಿದ್ದೀರಿ. ಕಿಡ್ನಿ ಕೊಟ್ಟವರೂ ಪಡೆದವರೂ ತದ್ರೂಪಿ ಅವಳಿಗಳಾಗಿದ್ದರಿಂದ ದೇಹವು ಅದನ್ನು ಪರಕೀಯವೆಂದು ಎಣಿಸಲೇ ಇಲ್ಲ. ಅಂದು ಸಾಬೀತಾದದ್ದು ಶಸ್ತ್ರಚಿಕಿತ್ಸೆಯ ಕೌಶಲ ಮಾತ್ರ. ಅವಳಿಯಿಲ್ಲದ ರೋಗಿಯ ಗತಿಯೇನು ಎಂಬ ಪ್ರಶ್ನೆಯೇ ನಿಮ್ಮ ಲೇಖನದ ಜೀವಾಳವಾಗಿರುವಾಗ, ಅದು ಹುಟ್ಟುವ ಮೊದಲೇ ನೀವು ಗೆಲುವನ್ನು ಸಾರಿಬಿಟ್ಟಿದ್ದೀರಿ.

ಮುಂದಿನ ವಾಕ್ಯ: ‘ವಿಕಿರಣ ಚಿಕಿತ್ಸೆಯ ಫಲಿತಾಂಶ ಸಮಾಧಾನಕರವಾಗಿರಲಿಲ್ಲ.’ ದೇಹದ ಪ್ರತಿರೋಧವನ್ನು ಕುಗ್ಗಿಸಲೆಂದು ಬೋಸ್ಟನ್ನಿನಲ್ಲಿ ಇಡೀ ದೇಹಕ್ಕೆ ವಿಕಿರಣ ಹಾಯಿಸಿ ಕಸಿ ಮಾಡಿದ 12 ರೋಗಿಗಳಲ್ಲಿ 11 ಮಂದಿ ತೀರಿಕೊಂಡರು. ಇದನ್ನು ನೇರವಾಗಿ ಹೇಳಲು ಸಂಕೋಚವೇಕೆ?

ಮೂರನೆಯದು ನನಗೆ ತೀರ ಅಸಹನೀಯವಾದದ್ದು: ‘ಅಷ್ಟರಲ್ಲಿ ಅಜಾಥಯೋಪ್ರಿನ್ ಬಂದಿತು, ಕಸಿ ಯಶಸ್ವಿಯಾಗತೊಡಗಿತು.’ ನಾನು ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ಕಲಿಯುತ್ತಿದ್ದಾಗ, ಹಿರಿಯ ಉಪಸಂಪಾದಕರೊಬ್ಬರು ಇಂಥ ವಾಕ್ಯ ಕಂಡಲ್ಲೆಲ್ಲ ‘ಎಲ್ಲಿಂದ? ಯಾರ ಕೈಯಿಂದ?’ ಎಂದು ಅಂಚಿನಲ್ಲಿ ಗೀಚಿ ಹಾಳೆಯನ್ನು ಹಿಂದಕ್ಕೆ ತಳ್ಳುತ್ತಿದ್ದರು. ಆಗ ಅವರ ಮೇಲೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಆದರೂ ಉತ್ತರ ಸಿಗದೆ ಹಾಳೆ ಅಚ್ಚಿಗೆ ಹೋಗುತ್ತಿರಲಿಲ್ಲ.

ಉತ್ತರ ಇಲ್ಲಿದೆ. 1959ರಲ್ಲಿ ಶ್ವಾರ್ಟ್ಸ್ ಮತ್ತು ಡೇಮ್‌ಶೆಕ್ ಎಂಬ ವೈದ್ಯರು ರಕ್ತಕ್ಯಾನ್ಸರಿನ ಔಷಧವಾದ 6-ಮರ್ಕ್ಯಾಪ್ಟೊಪ್ಯೂರಿನ್ ಅನ್ನು ಮೊಲಗಳಿಗೆ ಕೊಟ್ಟು, ಜೊತೆಗೆ ಪರಕೀಯ ಪ್ರೋಟೀನೊಂದನ್ನು ಚುಚ್ಚಿದಾಗ, ಮೊಲಗಳು ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಲಿಲ್ಲ; ಅಂದರೆ ಪರಕೀಯವನ್ನು ಎದುರಿಸುವ ದೇಹದ ಪ್ರತಿರೋಧವನ್ನು ಆ ಔಷಧ ತಡೆದಿತ್ತು. ಲಂಡನ್ನಿನಲ್ಲಿ ಅದನ್ನು ತಿಳಿದ ಯುವ ಶಸ್ತ್ರವೈದ್ಯ ರಾಯ್ ಕಾಲ್ನ್ 1960ರಲ್ಲಿ ಅದೇ ಔಷಧವನ್ನು ಕಿಡ್ನಿ ಕಸಿ ಮಾಡಿದ ನಾಯಿಗಳ ಮೇಲೆ ಪ್ರಯೋಗಿಸಿದರು. ಬಳಿಕ ಅವರು ಬೋಸ್ಟನ್ನಿಗೆ ಹೋದಾಗ ಔಷಧ ಸಂಶೋಧಕರಾದ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಒದಗಿಸಿದ, ಅದೇ ಬಗೆಯ ಹೊಸ ಸಂಯುಕ್ತಗಳಲ್ಲೊಂದು ಅಜಾಥಯೋಪ್ರಿನ್. ಪ್ರಮಾಣ ತುಸು ಹೆಚ್ಚಿದರೆ ಅಸ್ಥಿಮಜ್ಜೆ ಕುಗ್ಗಿ, ಬಿಳಿ ರಕ್ತಕಣಗಳು ಇಳಿದು, ಸೋಂಕು ಕೊಲ್ಲುತ್ತಿತ್ತು; ತುಸು ತಗ್ಗಿದರೆ ದೇಹವು ಕಿಡ್ನಿಯನ್ನು ತಿರಸ್ಕರಿಸುತ್ತಿತ್ತು. 1961ರಲ್ಲಿ ಅದನ್ನು ಪಡೆದ ಮೊದಲ ರೋಗಿಗಳು ಉಳಿಯಲಿಲ್ಲ. 1962ರ ಏಪ್ರಿಲ್‌ನಲ್ಲಿ ಮೃತವ್ಯಕ್ತಿಯೊಬ್ಬರಿಂದ ತೆಗೆದು ಕಸಿ ಮಾಡಿದ ಕಿಡ್ನಿ ವರ್ಷಕ್ಕೂ ಮೀರಿ ಕೆಲಸ ಮಾಡಿತು. ನಿಮ್ಮ ‘ಬಂದಿತು’ ಇಷ್ಟನ್ನೂ ನುಂಗಿದೆ.

ಅಷ್ಟಾದರೂ ಆ ಔಷಧವೊಂದೇ ಸಾಲಲಿಲ್ಲ. ಆರಂಭವಾದ ತಿರಸ್ಕಾರವನ್ನು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಹಿಮ್ಮೆಟ್ಟಿಸಬಹುದೆಂದು ಡೆನ್ವರಿನ ಥಾಮಸ್ ಸ್ಟಾರ್ಜ್ಲ್ 1963ರಲ್ಲಿ ವರದಿ ಮಾಡಿದ ಮೇಲೆಯೇ ಅನೇಕ ಆಸ್ಪತ್ರೆಗಳಿಗೆ ಧೈರ್ಯ ಬಂದದ್ದು. ಕಸಿ ಮಾಡಿಸಿಕೊಂಡ ಅನೇಕರು ಇಂದಿಗೂ ದಿನವೂ ಸ್ಟೀರಾಯ್ಡ್ ಮಾತ್ರೆ ನುಂಗುತ್ತಾರೆ. ನಿಮ್ಮ ಲೇಖನದಲ್ಲಿ ಅದರ ಹೆಸರೇ ಇಲ್ಲ.

ಆಮೇಲೆ ಬಂದ ಔಷಧ ಸೈಕ್ಲೋಸ್ಪೋರಿನ್ ಕುರಿತ ಕೊನೆಯ ಪುಟವನ್ನು ತೆಗೆದುಬಿಡಿ, ಅದು ಬೇರೆಯೇ ಲೇಖನಕ್ಕಾಗುವ ವಿಷಯ. ಆ ಜಾಗದಲ್ಲಿ ಮೊಲಗಳಿಂದ ಡೆನ್ವರಿನವರೆಗಿನ ನಾಲ್ಕು ವರ್ಷಗಳನ್ನು ಬಿಡಿಸಿ ಬರೆದು ಕಳುಹಿಸಿದರೆ ಪ್ರಕಟಿಸಲು ಅಡ್ಡಿಯಿಲ್ಲ.