ಉದ್ಯಾನಕ್ಕೆ ಬೀಗ ಬೇಡ ಮೇಷ್ಟ್ರೇ, ಹುಲ್ಲುಹಾಸಿಗೆ ಬೇಕಾದರೆ ಹಾಕೋಣ

ಶಿಡ್ಲಘಟ್ಟದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಸಸ್ಯೋದ್ಯಾನಗಳನ್ನು ನೋಡಿ ಹಸಿರು ಬದುಕು ಕಲಿಯಿರಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಬೀದಿಗೆ ವಾರಕ್ಕೊಂದು ಟ್ಯಾಂಕರ್. ಉದ್ಯಾನದ ಹುಲ್ಲಿಗೆ ಮಾತ್ರ ದಿನಾ ಸ್ಪ್ರಿಂಕ್ಲರ್. ಇದನ್ನು ನೋಡಿ ಏನು ಕಲಿಯೋದು? ಬೀಗ ಹಾಕಿ, ಆ ನೀರನ್ನು ಊರಿಗೆ ಕೊಡಲಿ. ಅಂದ ಹಾಗೆ, ನಮ್ಮನೆ ಕುಂಡದ ಕರಿಬೇವು ಹಳದಿ ತಿರುಗಿದೆ. ಉಪಾಯ ಇದ್ದರೆ ತಿಳಿಸಿ.”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಕಾಗದ ಓದಿ ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದೆ. ಹುಲ್ಲಿನ ವಿಷಯದಲ್ಲಿ ನೀವು ಹೇಳಿದ್ದೇ ಸರಿ.

ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿ ನಿಲ್ಲಬೇಕಾದರೆ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಬೇಕು. ಅಂದರೆ ಚದರ ಮೀಟರಿಗೆ 5 ಲೀಟರ್. ಒಂದು 30×40 ಅಡಿ ಸೈಟು 110 ಚದರ ಮೀಟರ್ ಚಿಲ್ಲರೆ ಆಗುತ್ತದೆ. ಅಷ್ಟು ಜಾಗದ ಹುಲ್ಲಿಗೇ ದಿನಕ್ಕೆ 550 ಲೀಟರ್. ಹತ್ತು ದಿನಕ್ಕೆ ಒಂದು ಟ್ಯಾಂಕರ್ ಹೋಯಿತು. ಅದೂ ಯಾರಿಗೋಸ್ಕರ? ದನ ಬಿಡೋ ಹಾಗಿಲ್ಲ. ಮಕ್ಕಳು ಕಾಲಿಟ್ಟರೆ ಕಾವಲಿನವರು ಸೀಟಿ ಊದುತ್ತಾರೆ. ಪಾಲಾರ್, ಉತ್ತರ ಪಿನಾಕಿನಿ, ಅರ್ಕಾವತಿ ಎಲ್ಲ ನಮ್ಮ ನಂದಿಬೆಟ್ಟದ ಸುತ್ತಮುತ್ತಲೇ ಹುಟ್ಟುತ್ತವೆ ಅಂತ ಮಕ್ಕಳಿಗೆ ಪಾಠ ಮಾಡಿದವರು ನೀವು. ವರ್ಷವಿಡೀ ಹರಿಯುವ ಹೊಳೆ ಒಂದೂ ನಮಗಿಲ್ಲ. ಇಂಥ ಕಡೆ ಸಾವಿರ ಅಡಿ ಕೆಳಗಿಂದ ನೀರೆತ್ತಿ ಹುಲ್ಲಿಗೆ ಚಿಮುಕಿಸೋದು ಶೋಕಿ, ಅಷ್ಟೇ.

ಆದರೆ ಬೀಗದ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಉದ್ಯಾನಕ್ಕೆ ಬೋರ್‌ವೆಲ್ ನೀರೇ ಆಗಬೇಕು ಅಂತಿಲ್ಲವಲ್ಲ. ಲಾಲ್‌ಬಾಗ್ ಒಳಗೇ ಕೊಳಚೆ ನೀರು ಶುದ್ಧ ಮಾಡುವ ಘಟಕ ಇದೆ, ಆ ನೀರನ್ನು ಗಿಡಗಳಿಗೆ ಬಳಸುತ್ತಾರೆ. ನಮ್ಮ ಚಿಕ್ಕಬಳ್ಳಾಪುರದ ಕಂದವಾರ ಕೆರೆಗೂ ಎಚ್.ಎನ್. ವ್ಯಾಲಿ (ಹೆಬ್ಬಾಳ–ನಾಗವಾರ) ಯೋಜನೆಯಲ್ಲಿ ಬೆಂಗಳೂರಿನ ಶುದ್ಧ ಮಾಡಿದ ಕೊಳಚೆ ನೀರು ಬಂದಿದೆ. ಅದನ್ನು ಇನ್ನೊಂದು ಹಂತ ಶುದ್ಧ ಮಾಡಬೇಕು ಅನ್ನೋ ಜಗಳ ನಡೀತಾನೇ ಇದೆ, ನಡೆಯಬೇಕು ಕೂಡ. ಉದ್ಯಾನದ ಮರಗಳ ಬುಡಕ್ಕಾದರೆ ಅಂಥ ನೀರು ಸಾಕು.

ಇನ್ನು ನಾನು ನೋಡಿದ ಒಂದು ವಿಷಯ ಹೇಳುತ್ತೇನೆ. ಎರಡು ವರ್ಷದ ಹಿಂದೆ, ಮಾರ್ಚ್ ಕೊನೆ. ಒಂದು ಸಾರ್ವಜನಿಕ ಉದ್ಯಾನದ ಹಿಂಭಾಗದಲ್ಲಿ, ಯಾರೂ ಫೋಟೋ ತೆಗೆಸಿಕೊಳ್ಳದ ಮೂಲೆಯಲ್ಲಿ, ಹೊಂಗೆ ಮರದ ಕೆಳಗೆ ಕೂತಿದ್ದೆ. ಸುಮ್ನೆ ತರಗೆಲೆಯೊಳಗೆ ಕೈ ತೂರಿಸಿದೆ. ಮೇಲಿನದು ಹಪ್ಪಳದ ಹಾಗೆ ಪಟಪಟ ಮುರಿಯಿತು. ಎರಡು ಬೆರಳು ಕೆಳಗೆ ಎಲೆ ಮೆತ್ತಗಾಗಿತ್ತು, ಬರೀ ನರಗಳ ಜಾಲರಿ ಉಳಿದಿತ್ತು. ಇನ್ನೂ ಕೆಳಗೆ ಬಿಳಿ ದಾರದಂಥ ಬೂಷ್ಟು, ಆಮೇಲೆ ಕಪ್ಪು ಮಣ್ಣು. ಕೈಗೆ ತಣ್ಣಗೆ ತಗುಲಿತು. ಅಲ್ಲಿಗೆ ಪೈಪೇ ಹೋಗಿರಲಿಲ್ಲ. ಹತ್ತು ಹೆಜ್ಜೆ ಆಚೆ, ಗುಡಿಸಿ ಚೊಕ್ಕಟ ಮಾಡಿದ ಜಾಗದಲ್ಲಿ, ನೆಲ ಬಿರುಕು ಬಿಟ್ಟಿತ್ತು. ಅದೇ ಮಳೆ, ಅದೇ ಬಿಸಿಲು.

ಸಂಜೆ ಹೊರಗೆ ಬರುವಾಗ ಗೇಟಿನ ಹತ್ತಿರ ಹೊಗೆ. ಗುಡಿಸಿದ ಎಲೆಯನ್ನೆಲ್ಲ ರಾಶಿ ಹಾಕಿ ಬೆಂಕಿ ಇಟ್ಟಿದ್ದರು! ಕಸವನ್ನು ಬಯಲಲ್ಲಿ ಸುಡಬಾರದು ಅಂತ ಘನತ್ಯಾಜ್ಯ ನಿಯಮಗಳೇ ಹೇಳುತ್ತವೆ. ಕೇಳಿದರೆ ಪೊರಕೆ ಹಿಡಿದಿದ್ದ ಅಮ್ಮ ಹೇಳಿದರು: “ಸಾಹೇಬ್ರಿಗೆ ನೀಟಾಗಿ ಕಾಣ್ಬೇಕಂತೆ ಸಾಮಿ.” ಅವರನ್ನು ಬೈದು ಏನು ಪ್ರಯೋಜನ? ನೀಟು ಬೇಕು ಅನ್ನುವವರು ನಾವೂ ಅಲ್ವಾ? ಏಪ್ರಿಲ್‌ನಲ್ಲಿ ಉದ್ಯಾನ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿದರೆ “ನಿರ್ವಹಣೆ ಇಲ್ಲ” ಅಂತ ಕಾಗದ ಬರುತ್ತದೆ. ಇದೇ ಪತ್ರಿಕೆಯಲ್ಲಿ ಅಂಥ ಕಾಗದ ಅಚ್ಚು ಹಾಕಿದ್ದೇನೆ, ತಪ್ಪು ನಂದೇ.

ಕಂಡ ಹಸಿರನ್ನೆಲ್ಲ ನಂಬೋ ಹಾಗೂ ಇಲ್ಲ. ನೀಲಗಿರಿ ಮರ ಟಿಪ್ಪು ಕಾಲದಲ್ಲೇ ನಂದಿಬೆಟ್ಟಕ್ಕೆ ಬಂತು ಅಂತ ಹೇಳುತ್ತಾರೆ. ಆಮೇಲೆ ನಮ್ಮ ಬಯಲಿಗೆಲ್ಲ ಇಳಿಯಿತು. ಸುಡು ಬೇಸಿಗೆಯಲ್ಲೂ ಹಸಿರಾಗೇ ಇರುತ್ತಿತ್ತು, ನೋಡೋಕೆ ಖುಷಿ. ಕೊನೆಗೆ ನೀರು ಕುಡಿಯುತ್ತದೆ ಅಂತ 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡೋದನ್ನು ನಿಲ್ಲಿಸಿತು. ಬೆಟ್ಟದ ಇಳಿಜಾರಲ್ಲಿ ಮುತ್ತಿಕೊಂಡಿರುವ ಲಂಟಾನ ಕೂಡ ಚೆಂದದ ಹೂವು ಅಂತ ಬ್ರಿಟಿಷರ ಕಾಲದಲ್ಲಿ ತೋಟಕ್ಕೆ ತಂದ ಗಿಡವೇ.

ಕಲಿಯೋದಕ್ಕೆ ಉದ್ಯಾನಕ್ಕೇ ಹೋಗಬೇಕು ಅಂತಲೂ ಇಲ್ಲ ಬಿಡಿ. ನಿಮ್ಮೂರಲ್ಲಿ ರೇಷ್ಮೆ ಹುಳು ಸಾಕುವವರನ್ನು ಕೇಳಿ. ಹುಳು ತಿಂದು ಬಿಟ್ಟ ಕಡ್ಡಿ, ಸೊಪ್ಪು, ಹಿಕ್ಕೆ ಎಲ್ಲ ತಿಪ್ಪೆಗೆ ಹೋಗಿ, ಗೊಬ್ಬರವಾಗಿ, ಮತ್ತೆ ಹಿಪ್ಪುನೇರಳೆ ಸಾಲಿಗೇ ವಾಪಸ್ ಬರುತ್ತದೆ. ಅಲ್ಲಿ ಯಾರೂ ಅದಕ್ಕೆ ಬೋರ್ಡು ಹಾಕಿಲ್ಲ. ಅದನ್ನೇ ನಮ್ಮ ಉದ್ಯಾನಗಳು ಊರಿಗೆಲ್ಲ ಕಾಣೋ ಹಾಗೆ ಮಾಡಲಿ ಅನ್ನೋದು ನನ್ನ ಆಸೆ. ಎಲೆ ರಾಶಿ ಹಿಂಭಾಗದಲ್ಲಿ ಅಡಗಿಸಿಡೋ ಬದಲು ಗೇಟಿನ ಪಕ್ಕದಲ್ಲೇ ಇರಲಿ. ಹುಲ್ಲು ತೆಗೆದ ಜಾಗಕ್ಕೆ ಹೊಂಗೆ, ನೇರಳೆ, ಬೇವು ಬರಲಿ. ಒಂದೆರಡು ವರ್ಷ ಬೇಸಿಗೆಯಲ್ಲಿ ನೀರು ಹಾಕಿ ಬೇರು ಹಿಡಿಸಿದರೆ ಆಮೇಲೆ ಅವು ನಮ್ಮನ್ನು ಜಾಸ್ತಿ ಕಾಡಲ್ಲ.

ಈಗ ನಿಮ್ಮ ಕರಿಬೇವು. ಚಿಗುರೆಲೆಯ ನರ ಹಸಿರಾಗೇ ಇದ್ದು ನಡುವೆ ಮಾತ್ರ ಹಳದಿ ಇದೆಯಾ ನೋಡಿ. ಹಾಗಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ನಮ್ಮ ಬೋರ್‌ವೆಲ್ಲಿನ ಗಡಸು ನೀರು ಹಾಕಿ ಹಾಕಿ ಕುಂಡದ ಮಣ್ಣಿನ ಹುಳಿ ಹೋಗಿಬಿಡುತ್ತದೆ. ಆಗ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕಲ್ಲ. ನಮ್ಮಮ್ಮ ನೀರು ಬೆರೆಸಿದ ಹುಳಿ ಮಜ್ಜಿಗೆ ಹುಯ್ಯುತ್ತಿದ್ದರು, ನೀವೂ ಹದಿನೈದು ದಿನಕ್ಕೊಮ್ಮೆ ಒಂದು ಲೋಟ ಹಾಕಿ ನೋಡಿ. ಮಳೆ ಬಂದ ದಿನ ತಾರಸಿ ಪೈಪಿನ ಕೆಳಗೆ ಒಂದು ಡ್ರಮ್ ಇಡಿ. 20 ಮಿಲಿಮೀಟರ್ ಮಳೆಗೆ ಸಾವಿರ ಚದರಡಿ ತಾರಸಿಯಿಂದ 1,500 ಲೀಟರಿಗೆ ಮೋಸ ಇಲ್ಲ, ಡ್ರಮ್ ತುಂಬಿ ಹರಿಯುತ್ತದೆ. ಕರಿಬೇವಿಗೆ ಆ ನೀರನ್ನೇ ಹಾಕಿ. ಕುಂಡದ ಮೇಲೆ ಎರಡು ಹಿಡಿ ತರಗೆಲೆ ಹರಡಿ. ಎಲೆ ಸಿಗದಿದ್ದರೆ ನಮ್ಮ ಆಫೀಸಿನ ಮುಂದಿನ ಹೊಂಗೆ ಮರದ್ದು ಒಂದು ಮೂಟೆ ಕಟ್ಟಿಟ್ಟಿದ್ದೇನೆ. ಈ ಕಡೆ ಬಂದಾಗ ತಗೊಂಡು ಹೋಗಿ.

— ಸಂಪಾದಕ